ಗದ್ದದ ಮೇಲಿನ ನಕ್ಷೆ

ಇಪ್ಪತ್ತೆಂಟು ವರ್ಷ ಬಂದರು ಇಲಾಖೆಯ ದೋಣಿಯಲ್ಲಿ
ನನ್ನ ಕೆಲಸ ಒಂದೇ: ಸೀಸದ ಗುಂಡು ಇಳಿಬಿಡುವುದು,
ಹಗ್ಗದ ಗಂಟು ಎಣಿಸುವುದು, ಕೂಗುವುದು:
ಮೂರು ಮಾರು, ಎರಡೂವರೆ, ಎರಡು.
ಗುಮಾಸ್ತ ಬರೆದುಕೊಳ್ಳುತ್ತಿದ್ದ.
ಕಾಳಿಯ ಅಳಿವೆಯಲ್ಲಿ ಮರಳು ಯಾರ ಮಾತೂ ಕೇಳುವುದಿಲ್ಲ,
ಪ್ರತಿ ಮಳೆಗಾಲಕ್ಕೂ ಮಗ್ಗುಲು ಬದಲಿಸುತ್ತದೆ.

ಅಂಥವನ ದವಡೆಯ ಆಳವನ್ನು
ಕಾಜುಬಾಗದ ಡಾಕ್ಟರ್ ವೈಜಯಂತಿ ಕೋಳಂಬಕರ್
ಕಪ್ಪು ಫಿಲ್ಮಿನ ಮೇಲೆ ಸ್ಕೇಲಿಟ್ಟು ನೋಡಿದರು.
"ಮೂಳೆ ಇದೆ, ಹದಿಮೂರು ಮಿಲಿಮೀಟರ್. ಕೆಳಗೆ ನರದ ಕಾಲುವೆ.
ಹುಬ್ಬಳ್ಳಿಗೆ ಹೋಗಿ ಸ್ಕ್ಯಾನ್ ಮಾಡಿಸಿದರೆ ಇನ್ನೂ ಖಾತ್ರಿ."
ಖರ್ಚೆಷ್ಟು ಎಂದೆ. ಹೇಳಿದರು.
ಒಂದು ಹಲ್ಲಿಗೆ ಅರಬೈಲ್ ಘಟ್ಟ ಹತ್ತಬೇಕೇ ಎಂದು ನಕ್ಕೆ.
ಅವರೂ ನಕ್ಕರು.
ಕಾಗದಕ್ಕೆ ಸಹಿ ಹಾಕಿದೆ, ಓದಿಯೇ ಹಾಕಿದೆ:
ರಕ್ತ, ಕೀವು, ಸ್ಕ್ರೂ ಸಡಿಲಾಗುವುದು, ತುಟಿ ಜೋಮು ಹಿಡಿಯುವುದು,
ಕೆಲವರಲ್ಲಿ, ಕೆಲವು ಕಾಲ, ಕೆಲವೊಮ್ಮೆ ಕಾಯಂ.
ಕೆಲವರು ಎಂದರೆ ಯಾವಾಗಲೂ ಬೇರೆಯವರು.

ಡ್ರಿಲ್ ಇಳಿಯುವಾಗ ನೀರಿನ ಸದ್ದು.
ಒಮ್ಮೆ, ಮದ್ದಿನ ಮಂಕಿನೊಳಗಿಂದಲೇ,
ಬಲೆ ಎಳೆಯುವವನ ಕಾಲಿಗೆ ತೊರಕೆ ಹೊಡೆದಂತೆ
ತುಟಿಯವರೆಗೆ ಒಂದು ಮಿಂಚು.
ಅವರ ಕೈ ಅರೆಗಳಿಗೆ ನಿಂತಿತು. ನಾನು ಕೈ ಎತ್ತಲಿಲ್ಲ.

ಮರುದಿನ ಸುಲಭಾ ಹೇಳಿದಳು, "ಗದ್ದದ ಮೇಲೆ ಗಂಜಿ."
ಒರೆಸಿದೆ.
"ಇನ್ನೂ ಇದೆ."
ಎಡತುಟಿ ಇದೆ, ನನ್ನದಲ್ಲ.
ಚಹಾ ಸುಟ್ಟದ್ದು ಗುಳ್ಳೆ ಎದ್ದ ಮೇಲೆ ಗೊತ್ತಾಯಿತು.

ರಾತ್ರಿ ಹತ್ತಕ್ಕೆ ಡಾಕ್ಟರ್ ಶಟರ್ ಎತ್ತಿಸಿದರು,
ಸ್ಕ್ರೂ ತಿರುವಿ ತೆಗೆದರು, ಟ್ರೇಯಲ್ಲಿ ಠಣ್ ಎಂದಿತು.
"ಎರಡು ಮಿಲಿಮೀಟರ್" ಎಂದರು, ನನಗಲ್ಲ, ಗೋಡೆಗೆ.
"ಫಿಲ್ಮು ಎಲ್ಲವನ್ನೂ ಕೊಂಚ ದೊಡ್ಡದಾಗಿ ತೋರಿಸುತ್ತದೆ.
ಕಳೆದೇ ಲೆಕ್ಕ ಹಾಕಿದ್ದೆ, ನಾನು ಕಳೆದೇ..."

ಈಗ ತಿಂಗಳಿಗೊಮ್ಮೆ ಆ ಕುರ್ಚಿ.
ಕಣ್ಣು ಮುಚ್ಚಿಸಿ ಹತ್ತಿಯ ಎಳೆ ಸವರುತ್ತಾರೆ, ಆಮೇಲೆ ಸೂಜಿಯ ಮೊನೆ.
ಅರಿವು ಎಲ್ಲಿ ನಿಂತಿತೋ ಅಲ್ಲಿ ನೀಲಿ ಪೆನ್ನಿನ ಚುಕ್ಕೆ,
ಚುಕ್ಕೆ ಸೇರಿಸಿ ಗೆರೆ.
ಕನ್ನಡಿ ಕೊಟ್ಟರು: ಥೇಟ್ ನಮ್ಮ ಬಂದರಿನ ಚಾರ್ಟು,
ಈಚೆ ದಡ, ಆಚೆ ಅಳೆಯದ ನೀರು.
ಮೊದಲ ಮೂರು ತಿಂಗಳು ಅಕ್ಕಿಕಾಳಿನಷ್ಟು ದಡ ಬೆಳೆಯಿತು.
ಆಮೇಲೆ ಇಲ್ಲ.

ಕೇಸು ಹಾಕು ಎನ್ನುತ್ತಾನೆ ಬೈತಖೋಲದ ಭಾವ,
ಅವನಿಗೆ ವಕೀಲರ ಪರಿಚಯ.
ಅವನಿಗೆ ಹೇಳದ್ದೊಂದಿದೆ, ಸುಲಭಾಗೂ.
ಒಂದು ವರ್ಷ, ಮಳೆ ಕಳೆದ ಮೊದಲ ವಾರ, ಮೈಯಲ್ಲಿ ಜ್ವರ,
ಗುಂಡು ಬಿಡದೆ ಹಿಂದಿನ ವರ್ಷದ ಅಂಕಿಯನ್ನೇ ಕೂಗಿದ್ದೆ:
ಎರಡೂವರೆ.
ಹೆಂಚು ತುಂಬಿದ ಮಚ್ವೆ ಒಂದೂಕಾಲಿನಲ್ಲಿ ಕೂತಿತು.
ಯಾರೂ ಸಾಯಲಿಲ್ಲ. ಈಗಲೂ ಇಳಿತದ ಹೊತ್ತು
ಆ ಹೆಂಚಿನ ಚೂರು ಕಾಲಿಗೆ ಸಿಗುತ್ತದೆ.
ವಿಚಾರಣೆಯಲ್ಲಿ ಮರಳಿನ ತಪ್ಪೆಂದಾಯಿತು.

ನಿನ್ನೆ ಒಂಬತ್ತನೆಯ ತಿಂಗಳು.
"ಕಣ್ಣು ಮುಚ್ಚಿ, ದುರ್ಗೇಕರರೇ. ತಾಗಿದಾಗ ಹೇಳಿ."
ಏನೂ ತಾಗಲಿಲ್ಲ.
ಅವರು ಉಸಿರು ಹಿಡಿದದ್ದು ಮಾತ್ರ ಕೇಳಿಸಿತು,
ಒಮ್ಮೆ, ಮತ್ತೊಮ್ಮೆ.
ಮೂರನೆಯ ಸಲಕ್ಕೆ ಕೂಗಿದೆ, ದೋಣಿಯ ಹಳೇ ದನಿಯಲ್ಲಿ:
"ಹ್ಞಾಂ, ಇಲ್ಲಿ!"
ಪೆನ್ನು ಓಡಿದ್ದೂ ನನಗೆ ತಿಳಿಯಲಿಲ್ಲ.

ಇಲ್ಲದ ದಡವೊಂದನ್ನು ಗದ್ದದ ಮೇಲೆ ಹೊತ್ತು
ಕೋಡಿಬಾಗದವರೆಗೆ ನಡೆದೇ ಬಂದೆ.
ಸುಲಭಾ ಗೆರೆ ನೋಡಿದಳು. ನನ್ನನ್ನು ನೋಡಿದಳು.
ಬೆರಳಿಗೆ ಎಣ್ಣೆ ಹಚ್ಚಿಕೊಂಡು
ದೀಪದ ಕೆಳಗೆ ಕೂರಿಸಿ,
"ಕಣ್ಣು ಮುಚ್ಚಿ" ಎಂದಳು.