ಟಿಕೆಟಿನ ಹಿಂದ ಬರೆದದ್ದು

ಚಿಲ್ಲರೆ ಇಲ್ಲದಾಗ ಟಿಕೆಟಿನ ಹಿಂದ ಬರೀತೀನಿ,
ಎಂಟು ರೂಪಾಯಿ, ಹದಿಮೂರು ರೂಪಾಯಿ,
ಕೆಳಗ ಒಂದು ಗೀಟು.
ಇಳಿಯೂ ಮುಂದ ಕೇಳ್ರಿ ಅಂತೀನಿ.
ಅರ್ಧ ಮಂದಿ ಕೇಳೂದಿಲ್ಲ,
ತಿರುವಿ ನೋಡೂದೇ ಇಲ್ಲ.

ಹನ್ನೊಂದು ವರ್ಷದ ಹಿಂದ
ನನಗೂ ಒಂದು ಟಿಕೆಟು ಹರಿದು ಕೊಟ್ರು
ಕಲಬುರಗಿ ದವಾಖಾನ್ಯಾಗ, ಕಿಡಕಿ ಬದಿ ಮಂಚದ ಮ್ಯಾಲೆ.
ತೂಗುಬಿಟ್ಟ ಬಾಟಲಿ, ಒಳಗ ಕೆಂಪು ನೀರು,
ರಂಜಾನ್ ಸಂಜಿಗಿ ಮಾರೋ ಶರಬತ್ತಿನ ಬಣ್ಣ.
ಹನಿ ಹನಿ ಎಣಿಸಿದೆ, ಎಣಿಸೂದು ನನ್ನ ಕಸುಬು.
ಉಚ್ಚಿಯೂ ಕೆಂಪಾತು.
ಹೆದರಬ್ಯಾಡ, ಅದು ಔಷಧ ಅಂದ್ಲು ನರ್ಸು.
ಪಕ್ಕದ ಮಂಚದ ಅಯ್ಯಮ್ಮ
ಬೋಳುತಲಿಗಿ ಸೆರಗು ಸುತ್ತಿಕೊಂಡು ಕೇಳಿದ್ಲು:
ಕಂಡಕ್ಟರ್ ಬಾಯಿ, ಈ ಗಾಡಿ ಎಲ್ಲಿತನಕ?

ಎಡಗಡಿದು ತೆಗೆದ್ರು. ಇಪ್ಪತ್ತೈದು ದಿನ ಕರೆಂಟು ಕೊಟ್ರು.
ಕೂದಲ ಬಂತು, ಮದಲ ಇಲ್ಲದ ಸುರುಳಿ ಸುರುಳಿ.
ಗೆದ್ದಿ ಜಗದೇವಿ, ಅಂದ್ರು; ಡಿಪೋದಾಗ ಪೇಢೆ ಹಂಚಿದ್ರು.
ಸಪಾಟಾದ ಎದಿ ಮ್ಯಾಲೆ ಬ್ಯಾಗಿನ ಪಟ್ಟಿ ಜಾರ್ತದಂತ
ಒಂದು ಪಿನ್ನು ಚುಚ್ಚಿಕೊಂಡು ಮತ್ತ ಹತ್ತಿದೆ:
ಫರಹತಾಬಾದ್, ಕಟ್ಟಿಸಂಗಾವಿ ಪೂಲು, ಜೇವರ್ಗಿ, ಶಹಾಪುರ.
ಭೀಮಾ ತುಂಬಿದ್ದೂ ನೋಡೀನಿ,
ಬರೇ ಉಸುಕಾದ್ದೂ ನೋಡೀನಿ.
ಟಿಕೆಟು ತಿರುವಿ ನೋಡಲಿಲ್ಲ.

ಹ್ವಾದ ಬ್ಯಾಸಗ್ಯಾಗ ಫುಟ್‌ಬೋರ್ಡು ಎತ್ತರಾತು.
ಗಾಡಿ ಬದಲಿಸ್ಯಾರೇನು, ಮೈನೋದ್ದೀನ್ ಅಣ್ಣಾ?
ಅದೇ ಗಾಡಿ ಬಾಯಿ, ಅದೇ ಮೂರು ಮೆಟ್ಟಿಲು.
ಸಂಜಿಗಿ ಚಪ್ಪಲಿ ಬಿಚ್ಚಿದ್ರ ಪಟ್ಟಿ ಇದ್ದಲ್ಲಿ ತಗ್ಗು.
ರಾತ್ರಿಗಿ ಎರಡು ದಿಂಬು, ಆಮ್ಯಾಲ ಮೂರು,
ಆಮ್ಯಾಲ ಗ್ವಾಡಿಗಿ ಒರಗಿ ಕುಂತೇ ನಿದ್ದಿ.
ಬಿಸಿಲು ಅಂದೆ. ವಯಸ್ಸು ಅಂದೆ.
ನಲವತ್ತೊಂಬತ್ತು, ಅದ್ಯಾವ ವಯಸ್ಸು?

ಚೀಟಿ ಮಾಡೋ ಕಿಡಕ್ಯಾಗ ಕೇಳಿದ್ರು, ಹಿಂದ ಏನಾರ ದೊಡ್ಡ ರೋಗ?
ಇಲ್ಲ ಅಂದೆ. ಮುಗಿದದ್ದಕ್ಕ ಯಾರು ಲೆಕ್ಕ ಇಡ್ತಾರ?
ಎದಿ ಡಾಕ್ಟರ್ ಎಳೇ ಹುಡುಗ,
ತಣ್ಣನ ಜೆಲ್ಲಿ ಹಚ್ಚೂಮುಂದ ಗಾಯದ ಗೆರಿ ಮ್ಯಾಲೆ
ಅವನ ಕೈ ನಿಂತಿತು.
ಕೆಂಪು ಔಷಧ ಕೊಟ್ಟಿದ್ರೇನು?
ಮುಂದ ಪರದಿ ನೋಡಿದ, ಬಹಳ ಹೊತ್ತು.

ನೂರರಾಗ ನಲವತ್ತೆರಡು ಅಂದ.
ಐವತ್ತೈದರ ಮ್ಯಾಲಿರಬೇಕು.
ನಗು ಬಂತು. ಐವತ್ತೈದು ನನ್ನ ಗಾಡಿ ಸೀಟು.
ನಲವತ್ತೆರಡಕ್ಕೂ ಬಿಡ್ತೀವ್ರಿ ಡಾಕ್ಟ್ರೇ,
ಕಲೆಕ್ಷನ್ ಕಮ್ಮಿ ಅಂತ ಬೈಸಿಕೋತೀವಿ, ನಿಂದ್ರಸೂದಿಲ್ಲ.
ಅವ ನಗಲಿಲ್ಲ. ಗುಳಿಗಿ ಬರೆದ, ಉಪ್ಪು ಬಿಡಿಸಿದ,
ನೀರೂ ಅಳತಿಲೇ, ದಿನಕ್ಕ ಒಂದೂವರೆ ಲೀಟರ್,
ಮೇ ತಿಂಗಳಾಗ, ಕಲಬುರಗ್ಯಾಗ!

ಆ ಕೆಂಪು ನೀರಿನ ಮ್ಯಾಲೆ ನನಗ ಸಿಟ್ಟಿಲ್ಲ.
ಹನ್ನೊಂದು ಬ್ಯಾಸಗಿ ಕೊಟ್ಟದ,
ಮಗಳ ಲಗ್ನ, ಮೊಮ್ಮಗಳ ಮುಂದಿನೆರಡು ಹಲ್ಲು.
ಸಿಟ್ಟು ಆ ಸಣ್ಣ ಬರಹದ ಮ್ಯಾಲೆ.
ಹಿಂದ ಬರೆದವರು
ಇಳಿಯೂ ಮುಂದ ಕೇಳು ಅನ್ನಲಿಲ್ಲ.

ಹಳೇ ಡೈರಿ ಕಡೀ ಹಾಳ್ಯಾಗ
ವಾರ್ಡಿನ ಏಳು ನಂಬರು ಇದ್ವು.
ಒಂದು ಬಂದಾಗ್ಯದ.
ಒಂದಕ್ಕ ಮಗ ಮಾತಾಡಿ, ಅವ್ವ ಅಂದು, ಸುಮ್ಮನಾದ.
ನನಗ ಗೆಡ್ಡಿ ಆಗಿತ್ತು, ಎದಿಗೇನು ಸಂಬಂಧ,
ಅಂದು ಇಟ್ಟುಬಿಟ್ಲು ಒಬ್ಬಾಕಿ.
ಐದನೇದು ಅಯ್ಯಮ್ಮಂದು, ದೋರನಹಳ್ಳಿ.
ಸೊಸಿ ಎತ್ತಿದ್ಲು.
ತಡೀರಿ, ಅತ್ತಿ ಮಾಳಗಿ ಮ್ಯಾಲೆ ಹಪ್ಪಳ ತೆಗೀಲಿಕ್ಕ ಹೋಗ್ಯಾಳ,
ಇಳೀಲಿಕ್ಕತ್ಯಾಳ.

ತಡದೆ.
ಫೋನಿನಾಗ ಮದಲ ಮಾತು ಬರಲಿಲ್ಲ, ಉಸಿರು ಬಂತು.
ಒಂದು, ಎರಡು, ಎಣಿಸ್ಲಿಕ್ಕತ್ತೆ,
ಏಳರತನಕ.
ಯಾರು, ಅಂದು ನಿಂತ್ಲು. ಮತ್ತ, ಯಾರು?

ಮಾತಾಡಬ್ಯಾಡ ಅಯ್ಯಮ್ಮ, ಅಂದೆ.
ಮದಲ ಕೂಡು.