ಖರಾಬು

ಸರ್ವೆ ನಂಬರು ನೂರಾ ಹದಿನೇಳು, ಹಿಸ್ಸಾ ಎರಡು.
ತಾವರಗೇರಾ ದಾರಿಯ ಎಡಕ್ಕೆ, ಜಾಲಿ ಮುಗಿದಲ್ಲಿಂದ
ಹುಲ್ಲೇ ಹುಲ್ಲು.
ಪಹಣಿಯಲ್ಲಿ ಅದಕ್ಕೊಂದೇ ಮಾತು: ಖರಾಬು.
ನಾನೇ ಬರೆದದ್ದು. ನನಗಿಂತ ಮೊದಲಿದ್ದವರೂ ಬರೆದದ್ದು.
ಅವರಿಗಿಂತ ಮೊದಲು ನಿಜಾಮನ ಕಾಲದ ಪಟವಾರಿ
ಉರ್ದುವಿನಲ್ಲಿ ಬರೆದಿಟ್ಟದ್ದು.
ಅಕ್ಷರ ಬದಲಾಗಿದೆ. ಮಾತು ಅದೇ.

ಗಾಳಿ ಕಂಪನಿಗೆ ಆರು ಕಂಬದ ಜಾಗ ಬೇಕಂತೆ.
ಸ್ಥಳ ಪರಿಶೀಲನೆ, ಪಂಚನಾಮೆ, ನಾಲ್ಕು ದಿಕ್ಕಿನ ಫೋಟೋ.
ಸಂಕ್ರಮಣ ಕಳೆದು ಎರಡು ದಿನ, ಇಳಿಹೊತ್ತು,
ಬಾಯಲ್ಲಿನ್ನೂ ಎಳ್ಳಿನ ರುಚಿ.

ಹುಲಗಪ್ಪ ಕುರಿ ತಿರುವಿ ನಿಂತಿದ್ದ.
"ಕಾಲು ನೋಡಿ ಇಡ್ರಿ ಮೇಡಂ, ಅಲ್ಲಿ ಮಲಗ್ತಾವು."
ಏನು?
"ಹುಲ್ಲಾಗ ಗುಳಿ ನೋಡ್ರಿ."

ತಟ್ಟೆಯಗಲ ಹುಲ್ಲು ಒರಗಿತ್ತು,
ನಡುವೆ ಸುಣ್ಣ ಚೆಲ್ಲಿದ ಹಾಗೆ ಹಿಕ್ಕೆ,
ಬೆರಳುದ್ದದ ಒಂದು ಒಣಗಿದ ಉಂಡೆ. ಬಿಡಿಸಿದರೆ
ಮಿಡತೆಯ ಹಿಂಗಾಲು, ಗರಗಸದಂಥವು, ಹನ್ನೊಂದು;
ಒಂದು ಪುಟ್ಟ ಹಕ್ಕಿಯ ಕೊಕ್ಕು; ಇಲಿಯ ಕೂದಲು.

"ಸೀಗಿ ಹುಣ್ಣಿಮಿ ಆಜೂಬಾಜು ಬರ್ತಾವು,
ಹೋಳಿ ಬಣ್ಣ ತೊಳಕೊಳ್ಳೂದ್ರಾಗ ಹೋಗಿರ್ತಾವು.
ಗಿಡದ ಮ್ಯಾಲ ಒಲ್ಲವು. ನೆಲನ ಬೇಕು.
ನಮ್ಮಂಗ."

ಅವನಿಗೆ ಅದು ಹುಲ್ಲುಗಿಡುಗ, ಪುಸ್ತಕದವರಿಗೆ ಸೆಳೆವ.
ಕುಷ್ಟಗಿಯ ಲಾಲಸಾಬ, ವೆಲ್ಡಿಂಗ್ ಅಂಗಡಿಯವನು,
ಚಳಿಗಾಲದ ಸಂಜೆ ಬಂದು ಇವನ್ನು ಎಣಿಸುತ್ತಾನೆ.
ಕಿಡಿ ನೋಡಿ ನೋಡಿ ಕೆಂಪಾದ ಕಣ್ಣು, ಆದರೂ
ಅರ್ಧ ಮೈಲಿಯಾಚೆ ರೆಕ್ಕೆ ತುದಿಯ ಕಪ್ಪು ಗುರುತಿಸುತ್ತಾನೆ.
ಅವನಲ್ಲೊಂದು ನಕಾಶೆ, ಮಡಿಕೆಯಲ್ಲಿ ಹರಿದದ್ದು.
ಮೇಲೆ ಹಳದಿ: ಮೊಟ್ಟೆಯಿಡುವ ನಾಡು,
ಕಜಕಸ್ತಾನ, ಗಾಳಿಗೆ ಗೋಡೆಯಿಲ್ಲದ ಬಯಲು.
ಕೆಳಗೆ ನೀಲಿ: ಚಳಿ ಕಳೆಯುವ ನಾಡು.
ನೀಲಿಯಲ್ಲಿ ನಮ್ಮ ತಾಲೂಕು ಎಲ್ಲಿ ಅಂದರೆ
ಬೆಸುಗೆಯ ಕಿಡಿ ಬಿದ್ದು ಸುಟ್ಟ ತೂತು ತೋರಿಸಿದ.
"ಇಲ್ಲೇ ರೀ. ಕಿಡಿಗೂ ಗೊತ್ತಿತ್ತು ಕಾಣಸ್ತದ."

ಅವನ ಫಾರಮ್ಮಿಗೂ ಕಾಲಂಗಳು. ಸ್ಥಿತಿ ಎಂಬಲ್ಲಿ
'ಅಪಾಯದ ಸಮೀಪ' ಎಂದಿತ್ತು.
ಸಮೀಪ ಅಂದರೆ ಎಷ್ಟು? ಗುಂಟೆಯೋ, ಮಾರೋ?
ಅವನು ನಗಲಿಲ್ಲ.
"ಹೋದ ವರ್ಷ ಅರವತ್ತೆರಡು, ಅದರ ಹಿಂದ ನೂರರ ಮ್ಯಾಲ.
ನೀವ ಅಳೀರಿ."

ಆಮೇಲೆ ಬಂದವು.
ಮೊದಲೊಂದು, ಹುಲ್ಲಿನ ತಲೆ ಸವರುವಷ್ಟು ತಗ್ಗಿನಲ್ಲಿ,
ಕಿವಿಯೋಲೆ ಕಳಕೊಂಡವಳು ನೆಲ ಹುಡುಕುವ ಹಾಗೆ
ಕತ್ತು ಬಗ್ಗಿಸಿ.
ರೆಕ್ಕೆ ಬಡಿದದ್ದು ಕಾಣಲಿಲ್ಲ, ವಾಲಿದ್ದು ಕಂಡಿತು.
ಪಡುವಣದಿಂದ ಮೂರು. ಎಲ್ಲಿಂದಲೋ ಒಟ್ಟಿಗೆ ಏಳು.
ಗಂಡು ಬೂದಿ, ಹೆಣ್ಣು ಮಣ್ಣು.
ಇಳಿದ ಕೂಡಲೇ ಹುಲ್ಲು ಮುಚ್ಚಿಕೊಂಡಿತು,
ಯಾರೂ ಬರಲೇ ಇಲ್ಲವೆಂಬಂತೆ.
ಲಾಲಸಾಬನ ತುಟಿ ಮಾತ್ರ ಅಲ್ಲಾಡುತ್ತಿತ್ತು.
ಹುಲಗಪ್ಪ ನಾಯಿಯ ಬಾಯಿ ಹಿಡಿದು ಕೂತಿದ್ದ.
ನಲವತ್ತೊಂದು, ಅಂದ.
ನನಗೆ ನಲವತ್ತೇ. ಇನ್ನೊಂದಕ್ಕಾಗಿ ಮಬ್ಬಾಗುವವರೆಗೆ ನಿಂತೆವು;
ದೂರ, ಯಲಬುರ್ಗಾ ಕಡೆ, ಗಾಳಿಕಂಬಗಳ ಕೆಂಪು ದೀಪ
ಹತ್ತಿ, ಆರಿ, ಹತ್ತಿ.

ರಾತ್ರಿ ಪಹಣಿ ತೆರೆದೆ.
ಸ್ವಾಧೀನದಾರರ ಹೆಸರು, ತಂದೆಯ ಹೆಸರು, ವಿಸ್ತೀರ್ಣ, ಖಾತೆ.
ಐದೇ ತಿಂಗಳು ಉತ್ತವನಿಗೂ ಅದರಲ್ಲಿ ಜಾಗವುಂಟು:
ಸಾಗುವಳಿ ಮಾಡುವವರು, ಯಾವ ಹಂಗಾಮು, ಯಾವ ಬೆಳೆ.
ಹಿಂಗಾರಿ, ಅಂದುಕೊಂಡೆ. ಬೆಳೆ: ಮಿಡತೆ.
ಕಂಪ್ಯೂಟರ್ ಒಪ್ಪುವುದಿಲ್ಲ. ಗೊತ್ತು.

ಮರುದಿನ ಪಂಚನಾಮೆಗೆ
ಲಾಲಸಾಬ ರುಜು ಹಾಕಿದ, ಹುಲಗಪ್ಪ ಹೆಬ್ಬೆಟ್ಟು.
'ಸದರಿ ಜಮೀನು ಖಾಲಿ ಇರುತ್ತದೆ' ಎಂಬ ಅಚ್ಚಿನ ಸಾಲಿಗೆ
ಅಡ್ಡಗೆರೆ ಎಳೆದು ಮೇಲೆ ಬರೆದೆ:
ರಾತ್ರಿ ಖಾಲಿ ಇರುವುದಿಲ್ಲ.

ತಹಶೀಲ್ದಾರರು ಏನೆಂದರೋ ಅದು ಬೇರೆ ಮಾತು.
ಆ ಉಂಡೆಯದೆಲ್ಲ ಬೆಂಕಿಪೊಟ್ಟಣದಲ್ಲಿದೆ,
ಮೇಜಿನ ಖಾನೆಯಲ್ಲಿ, ಮೊಹರಿನ ಪಕ್ಕ.
ಹನ್ನೊಂದು ಕಾಲು. ಬೆಸ ಸಂಖ್ಯೆ.
ಆ ಹುಲ್ಲಲ್ಲೆಲ್ಲೋ ಒಂದು ಮಿಡತೆ
ಕುಂಟುತ್ತಿರಬೇಕು.