ಸತು

ಸಲೋಮಿಗಿ ಹದಿನಾರು ತಿಂಗಳು.
ಮೊಣಕಾಲಿನ ಹಿಂದಿನ ಮಡಿಕಿಯಾಗ
ಬ್ಯಾಸಗಿ ಕೆಂಪಗ ಕುಂತದ.
ರಾತ್ರಿಯೆಲ್ಲ ಕೆರಕೊಳ್ತಾಳ, ನಿದ್ದಿಗಣ್ಣಾಗೇ.

ಚೌಬಾರಾ ಹತ್ರದ ಮೆಡಿಕಲ್‌ನ್ಯಾಗ
ಮೂರು ಟ್ಯೂಬ್ ಮುಂದಿಟ್ಟ.
ಮೂರರ ಮ್ಯಾಲೂ ನಗೋ ಕೂಸು,
ಬೀದರದ ಬಿಸಿಲು ಕಾಣದ ಗಲ್ಲ.
"ಬೇಬಿ ಅಂತ ಬರದದ ನೋಡ್ರಿ, ಮತ್ತೇನ್ ಬೇಕು?"
ತುಟ್ಟೀದೂ ಅಲ್ಲ, ಅಗ್ಗದ್ದೂ ಅಲ್ಲ, ನಡುವಿಂದು ತಂದೆ.

ಹಿಂದಿನ ಅಕ್ಷರ ಸಾಸಿವಿಗಿಂತ ಸಣ್ಣ.
ಕೆತ್ತನಿ ಕೆಲಸದ ಭೂತಗನ್ನಡಿ ತಗೊಂಡು
ತಟ್ಟಿಯೊಳಗ ಬೆಳ್ಳಿ ತಂತಿ ಕೂಡಿಸೋ ಹಂಗ
ಒಂದೊಂದೇ ಕೂಡಿಸಿ ಓದಿದೆ.
ಜಿಂಕ್.
ಅರೆ, ನೀನು!

ಹನ್ನೊಂದು ವರ್ಷದ ಗುರುತು ನಮ್ಮದು.
ಕುಲುಮ್ಯಾಗ ಕರಗಿ, ತಾಮ್ರದ ಕೈ ಹಿಡದು
ಹೂಜಿ ಆಗಾಂವ, ಹುಕ್ಕಾ ಆಗಾಂವ.
ನಿನ್ನ ಹೊಗಿ ಕುಡದು ಮಾವ ಒಂದ್ ರಾತ್ರಿ
ಎರಡು ಕೌದಿಯೊಳಗ ನಡುಗಿದ್ದ.
ಇಲ್ಲಿ ಬೆಣ್ಣಿ ಹಂಗ ಬೆಳ್ಳಗ, ಮೆತ್ತಗ
ಕೂಸಿನ ಕುಂಡಿಗಿ ಕಾವಲು ನಿಂತೀಯೇನು?
ಇರಲಿ. ನಿನ್ನ ನಂಬತೀನಿ, ಹೊಗಿ ಆಗಬ್ಯಾಡ ಅಷ್ಟೇ.

ಉಳದವರು ಗುರುತಿಲ್ಲದ ಮಂದಿ.
ಒಬ್ಬನ ಹೆಸರು ನಾಲಿಗಿ ಮ್ಯಾಲ ನಿಲ್ಲಲೇ ಇಲ್ಲ.
ಕಡೀಗಿ ಒಂದೇ ಮಾತು: ಸುಗಂಧ.
ಎದರ ಸುಗಂಧ? ಮಲ್ಲಿಗಿಯೋ, ಮಣ್ಣಿಂದೋ?
ಆ ಒಂದು ಪಡದಿಯ ಹಿಂದ
ಎಷ್ಟು ಮಂದಿ ಉಸಿರು ಹಿಡಕೊಂಡು ನಿಂತಾರೋ.

ಜಲಾಲ್ ಉಸ್ತಾದರು
ಕೋಟಿ ಮಣ್ಣನ್ನ ನಾಲಿಗಿಗಿ ಹಚ್ಚಿ ನೋಡತಾರ.
ಸರಿ ಇಲ್ಲಂದ್ರ ಥೂ ಅಂತ ಉಗಳಿ ಇನ್ನೊಂದು ಹಿಡಿ.
ಒಂದು ತಟ್ಟಿ ಕಪ್ಪಾಗಲಿಕ್ಕಿ ಇಷ್ಟು.
ಇದನ್ನ ಯಾರು ನೆಕ್ಕಿ ನೋಡ್ಯಾರ?

ನನ್ನ ಅಂಗೈಗಿ ಹಚ್ಚಿ ಒಂದ್ ದಿನ ಕಾದೆ.
ಏನೂ ಆಗಲಿಲ್ಲ. ಏನಾಗತದ,
ನವಸಾಗರದ ನೀರಾಗ ಬೆಂದ ಕೈ ಇದು,
ಬೆಂಕಿ ಮುಟ್ಟಿದ್ರೂ ತಡದು ಹೇಳತದ.

"ನಿನ್ನ ಗಂಡ ಇದರಾಗೇ ಬೆಳದಾನ" ಅಂತ
ಅತ್ತಿ ದೀನಾಬಾಯಿ ಕುಸುಬಿ ಎಣ್ಣಿ ಇಟ್ಟಳು.
ಗಂಡನ ಮೊಣಕೈ ಕಲಿ ನೆನಪಾಗಿ
ಸುಮ್ಮನಾದೆ.

ಮೂರು ಸಲ ಸಾಬೂನು ಹಚ್ಚಿ ಕೈ ತೊಳದೆ,
ಉಗುರಿನ ಸಂದಿಯ ಕರಿ ಹೋಗಲಿಲ್ಲ.
ಕಿರುಬೆರಳ ತುದೀಲಿ
ಜ್ವಾಳದ ಕಾಳಿನಷ್ಟು ಬಿಳಿ ಚುಕ್ಕಿ,
ಅವಳ ತೋಳಿನ ಒಳಗ.
ನಾಳಿ ಇದೇ ಹೊತ್ತಿನ ತನಕ ನೋಡಬೇಕು.

ಸಲೋಮಿಗಿ ಅದರ ಪರಿವಿ ಇಲ್ಲ.
ಭೂತಗನ್ನಡಿ ಕಸಗೊಂಡು
ಒಂದು ಕಣ್ಣು ದೊಡ್ಡದು ಮಾಡಿ
ನನ್ನ ಕೈ ನೋಡಲಿಕ್ಕತ್ಯಾಳ.